ಲೆಕ್ಕಕ್ಕೆ ಸಿಕ್ಕದ ಮೂಲಧನ

ಮಲೆನಾಡಿನ ಅಡಕೆ ತೋಟಿಗರಿಗೆ ಕೊಳೆರೋಗವೆಂದರೇನೆಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರು ಬಲವಾಗಿ ಹಿಡಿದು, ವಾರಗಟ್ಟಲೆ ಬಿಸಿಲಿನ ಮುಖ ಕಾಣದೆ, ಜಡಿಮಳೆ ಹಗಲಿರುಳೂ ಸುರಿಯುವ ಆಷಾಢ ಶ್ರಾವಣಗಳಲ್ಲಿ, ಮರದ ನೆತ್ತಿಯಲ್ಲಿ ಹಸುರಾಗಿ ತುಂಬಿ ನಿಂತಿದ್ದ ಕೊನೆಗಳ ಕಾಯಿಗಳು ಬಣ್ಣಗೆಟ್ಟು, ತೊಟ್ಟು ಸಡಿಲಿ, ರಾಶಿರಾಶಿಯಾಗಿ ಬುಡದಲ್ಲಿ ಉದುರಿ, ಬಿಳಿಯ ಬೂಷ್ಟು ಹಿಡಿದು ಕೊಳೆಯುವುದನ್ನು ಕೈಕಟ್ಟಿ ನೋಡುವ ದುರ್ದೈವ ಎಷ್ಟೋ ತಲೆಮಾರುಗಳ ಪಾಲಿಗೆ ಬಂದಿತ್ತು. ಅವರಿಗೆ ತಿಳಿದಿದ್ದ ಪ್ರತೀಕಾರವೆಂದರೆ ಮಳೆ ಹಿಡಿಯುವ ಮುನ್ನ ಕೊನೆಕೊನೆಗೂ ಕೊಟ್ಟೆ ಕಟ್ಟುವುದು. ಎಂದರೆ ಕರಡದ ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಮುಸುಕನ್ನು ಹೊದಿಸಿ ನೀರು ಒಳಗಿಳಿಯದಂತೆ ತಡೆಯುವುದು. ಇದನ್ನು ಅವಿವೇಕವೆಂದು ಕರೆಯುವಂತಿಲ್ಲ. ರೋಗಕ್ಕೂ ಮಳೆನೀರಿಗೂ ಇರುವ ನಂಟನ್ನು ಕಣ್ಣಾರೆ ಕಂಡವರ ಉಪಾಯವೇ ಅದು. ಆದರೆ ನೀರಿನ ಮೂಲಕ ಹರಡುವ, ಬರಿಗಣ್ಣಿಗೆ ಕಾಣಿಸದ ಒಂದು ಜೀವಿ ಈ ಅನರ್ಥಕ್ಕೆಲ್ಲ ಮೂಲವೆಂಬ ತಿಳಿವು ಅವರಲ್ಲಿರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಏಕೆಂದರೆ ಅದನ್ನು ಕಾಣುವುದಕ್ಕೆ ಸೂಕ್ಷ್ಮದರ್ಶಕವೂ, ಕಂಡದ್ದನ್ನು ಇಂಥದೆಂದು ಗುರುತಿಸುವುದಕ್ಕೆ ಶಾಸ್ತ್ರಪರಿಚಯವೂ ಬೇಕಾಗಿದ್ದುವು.

1908ರಲ್ಲಿ ಮೈಸೂರು ಸಂಸ್ಥಾನ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿಯನ್ನು ಬೆಳೆಗಳ ರೋಗ ಮತ್ತು ಕೀಟಗಳ ಅಧ್ಯಯನಕ್ಕಾಗಿ ನೇಮಿಸಿಕೊಂಡಿತು. ಅವರು ಕೊಳೆತ ಅಡಕೆಯನ್ನು ಪರೀಕ್ಷಿಸಿ, ರೋಗಕಾರಕವು ಫೈಟೊಫ್ತೊರಾ ಎಂಬ ಕುಲಕ್ಕೆ ಸೇರಿದ್ದೆಂದು ನಿಶ್ಚಯಿಸಿ, 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆ ಕುಲದ ಹೆಸರು ಅವರಿಗೆ ಅಪರಿಚಿತವಾಗಿರಲಿಲ್ಲ. 1845ರಿಂದ ಮುಂದೆ ಐರ್ಲೆಂಡಿನ ಆಲೂಗಡ್ಡೆಯನ್ನು ನೆಲದೊಳಗೇ ಕೊಳೆಯಿಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದ ರೋಗವೂ ಅದೇ ಕುಲದ ಜೀವಿಯಿಂದಲೇ ಬಂದದ್ದು. ಅದನ್ನು ಜರ್ಮನಿಯ ಆಂಟನ್ ಡಿ ಬಾರಿ ಎಂಬ ಸಸ್ಯಶಾಸ್ತ್ರಜ್ಞ 1861ರಷ್ಟು ಹಿಂದೆಯೇ ಸಾಧಿಸಿ ತೋರಿಸಿದ್ದನು. ಇನ್ನು ಚಿಕಿತ್ಸೆಯ ಮಾತು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರು. ತೋಟದ ಉಳಿದ ಬಳ್ಳಿಗಳೆಲ್ಲ ರೋಗದಿಂದ ಒಣಗಿದರೂ ಕಳ್ಳರಿಗೆ ಹೆದರಿ ಬಣ್ಣ ಬಳಿಸಿಕೊಂಡ ಬಳ್ಳಿಗಳು ಮಾತ್ರ ಹಸುರಾಗಿ ಉಳಿದಿರುವುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ, ಪ್ರಯೋಗಗಳನ್ನು ನಡೆಸಿ, 1885ರಲ್ಲಿ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದನು. ಆ ದ್ರಾವಣವನ್ನೇ ಕೋಲ್ಮನ್ನರು ಅಡಕೆಯ ಕೊನೆಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಹೀಗೆ ಐರ್ಲೆಂಡಿನ ಕ್ಷಾಮವೂ, ಜರ್ಮನಿಯ ಪಾಂಡಿತ್ಯವೂ, ಫ್ರಾನ್ಸಿನ ದ್ರಾಕ್ಷಿಯ ಕಳ್ಳರೂ, ಕೆನಡಾದಿಂದ ಬಂದ ಒಬ್ಬ ಉದ್ಯೋಗಿಯ ಮೂಲಕ, ತೀರ್ಥಹಳ್ಳಿ ಸಾಗರಗಳ ಕಡೆಯ ತೋಟಗಳಲ್ಲಿ ಒಟ್ಟುಗೂಡಿದುವು.

ಆ ದ್ರಾವಣವನ್ನು ಇಂದಿಗೂ ಅದೇ ಬಗೆಯಲ್ಲಿ ಮಾಡುತ್ತಾರೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಇವುಗಳಲ್ಲಿ ಯಾವುದು ಹೊಸದು? ಮೈಲುತುತ್ತ ನಮ್ಮ ಪಂಡಿತರ ಔಷಧದ ಪೆಟ್ಟಿಗೆಯಲ್ಲಿ ಶತಮಾನಗಳಿಂದ ಇದ್ದ ವಸ್ತು. ಸುಣ್ಣವಿಲ್ಲದೆ ಅಡಕೆ ಬೆಳೆಯುವವನು ತಾನೇ ಒಂದು ಎಲೆಯನ್ನು ಹಾಕಿಕೊಂಡವನಲ್ಲ. ನೀರಿಗಂತೂ ಮಲೆನಾಡಿನ ಮಳೆಗಾಲದಲ್ಲಿ ಬರವಿಲ್ಲ. ಮೂರೂ ಇದ್ದುವು, ರೋಗವೂ ಇತ್ತು. ಮೂರನ್ನು ಯಾವ ಪ್ರಮಾಣದಲ್ಲಿ, ಯಾವ ಕ್ರಮದಲ್ಲಿ, ಯಾವ ತಿಂಗಳಿನಲ್ಲಿ ಕೂಡಿಸಬೇಕೆಂಬ ಅರಿವೊಂದೇ ಇರಲಿಲ್ಲ. ಆ ಅರಿವು ಬಂದ ಮೇಲೆ, ಅದೇ ನೆಲದಿಂದ, ಅದೇ ಮರದಿಂದ, ಹೆಚ್ಚುಕಡಮೆ ಅದೇ ಆಳುಗಳ ದುಡಿಮೆಯಿಂದ ಕೈಗೆ ಬರುವ ಫಸಲು ಬೇರೆಯಾಯಿತು. ಈ ಹೆಚ್ಚಳವನ್ನು ಯಾವ ಲೆಕ್ಕದ ಕಲಮಿನಲ್ಲಿ ಬರೆಯಬೇಕು? ನೆಲದ ಬಾಬಿಗೆ ಬರೆಯುವಂತಿಲ್ಲ. ದುಡಿಮೆಯ ಬಾಬಿಗೂ ಅಲ್ಲ. ಮೈಲುತುತ್ತಕ್ಕೆ ಕೊಟ್ಟ ಅಲ್ಪಮೊತ್ತದ ಬಾಬಿಗೆ ಬರೆದರೆ ಓದಿದವರು ನಕ್ಕಾರು. ಆಧುನಿಕ ಅರ್ಥಶಾಸ್ತ್ರದ ಒಂದು ದೊಡ್ಡ ಸಮಸ್ಯೆ ಹುಟ್ಟಿಕೊಂಡದ್ದು ಇಂಥ ಪ್ರಶ್ನೆಯಿಂದಲೇ.

1957ರಲ್ಲಿ ರಾಬರ್ಟ್ ಸೋಲೊ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ತನ್ನ ದೇಶದ ನಲವತ್ತು ವರ್ಷಗಳ ಲೆಕ್ಕವನ್ನು ಹಿಡಿದು ಕುಳಿತನು. 1909ರಿಂದ 1949ರವರೆಗಿನ ಆ ಅವಧಿಯಲ್ಲಿ ಒಬ್ಬ ಕೆಲಸಗಾರನ ಒಂದು ಗಂಟೆಯ ದುಡಿಮೆಯ ಫಲ ಸುಮಾರಾಗಿ ಎರಡರಷ್ಟಾಗಿತ್ತು. ಅದಕ್ಕೆ ಕಾರಣ ಯಂತ್ರಗಳೂ ಕಾರ್ಖಾನೆಗಳೂ ಹೆಚ್ಚಿದ್ದೇ ಇರಬೇಕೆಂಬುದು ಎಲ್ಲರ ನಂಬಿಕೆ. ಸೋಲೊ ಗುಣಿಸಿ ಭಾಗಿಸಿ ನೋಡಿದಾಗ, ಆ ಏರಿಕೆಯ ಎಂಟು ಪಾಲಿನಲ್ಲಿ ಒಂದು ಪಾಲು ಮಾತ್ರ ಬಂಡವಾಳದ ಹೆಚ್ಚಳಕ್ಕೆ ಸಂದಿತು. ಉಳಿದ ಏಳು ಪಾಲು ಯಾವ ಕಲಮಿಗೂ ಸೇರದೆ ಶೇಷವಾಗಿ ನಿಂತಿತು. ಅದನ್ನು ಆತ ತಂತ್ರಜ್ಞಾನದ ಪ್ರಗತಿಯೆಂದು ಕರೆದನು. ಅದಕ್ಕೆ ಒಂದು ವರ್ಷ ಮುಂಚೆ ಇಂಥದೇ ಲೆಕ್ಕ ಮಾಡಿ ಇಂಥದೇ ಶೇಷವನ್ನು ಕಂಡಿದ್ದ ಮೋಸೆಸ್ ಅಬ್ರಮೋವಿಟ್ಜ್ ಇನ್ನೂ ನಿಷ್ಠುರವಾಗಿ, ಇದು ನಮ್ಮ ಅಜ್ಞಾನದ ಅಳತೆಯೆಂದೇ ಹೇಳಿಬಿಟ್ಟಿದ್ದನು. ಶಾಸ್ತ್ರಕಾರನೊಬ್ಬನು ತನ್ನ ಶಾಸ್ತ್ರ ಅರಿಯದ್ದು ಎಷ್ಟೆಂಬುದನ್ನು ಅಂಕೆಯಲ್ಲಿ ಹಾಕಿ ತೋರಿಸುವುದು ವಿರಳ. ಆ ಪ್ರಾಮಾಣಿಕತೆಯಿಂದಲೇ ಮುಂದಿನ ವಿಚಾರಗಳು ಬೆಳೆದುವು.

ಆ ಶೇಷದೊಳಗೆ ಏನಿದೆಯೆಂದು ಮೊದಲು ಕೈಹಾಕಿ ನೋಡಿದವರಲ್ಲಿ ಥಿಯೊಡರ್ ಶುಲ್ಟ್ಜ್ ಮುಖ್ಯನು. ಹುಟ್ಟಿನಿಂದ ರೈತ, ವೃತ್ತಿಯಿಂದ ಕೃಷಿಯ ಅರ್ಥಶಾಸ್ತ್ರಜ್ಞ. ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಜರ್ಮನಿ ಜಪಾನುಗಳು ಪಂಡಿತರ ಎಣಿಕೆಗಳನ್ನೆಲ್ಲ ಸುಳ್ಳಾಗಿಸಿ ಅಷ್ಟು ಬೇಗ ಎದ್ದು ನಿಂತದ್ದು ಹೇಗೆಂಬ ಪ್ರಶ್ನೆ ಅವನನ್ನು ಕಾಡಿತು. ಸೇತುವೆ ಮುರಿದಿತ್ತು, ಕಾರ್ಖಾನೆ ಸುಟ್ಟಿತ್ತು. ಆದರೆ ಸೇತುವೆ ಕಟ್ಟುವುದು ಹೇಗೆಂದು ಬಲ್ಲವರು, ಕಾರ್ಖಾನೆ ನಡೆಸುವುದು ಹೇಗೆಂದು ಬಲ್ಲವರು ಉಳಿದಿದ್ದರು. ಯುದ್ಧಾನಂತರದ ಪಂಡಿತರು ಗೋಡೆಗಳನ್ನು ಎಣಿಸಿ ತಲೆಗಳನ್ನು ಎಣಿಸುವುದಕ್ಕೆ ಮರೆತಿದ್ದರು. ಹೀಗೆ ಹಾಳಾದ ನಾಡು ಬೇಗ ಚೇತರಿಸಿಕೊಳ್ಳುವುದನ್ನು ಜಾನ್ ಸ್ಟುಅರ್ಟ್ ಮಿಲ್ 1848ರಲ್ಲಿಯೇ ಗುರುತಿಸಿದ್ದನು. ಅದಕ್ಕೂ ಮುಂಚೆ, 1776ರಲ್ಲಿ, ಆಡಂ ಸ್ಮಿತ್ ರಾಷ್ಟ್ರದ ಸ್ಥಿರ ಮೂಲಧನವನ್ನು ಪಟ್ಟಿಮಾಡುವಾಗ ಯಂತ್ರ, ಕಟ್ಟಡ, ತಿದ್ದಿದ ಭೂಮಿ ಇವುಗಳ ಸಾಲಿನಲ್ಲಿಯೇ ಜನರು ಕಲಿತುಕೊಂಡ ಸಾಮರ್ಥ್ಯಗಳನ್ನೂ ಸೇರಿಸಿದ್ದನು. ಹಿರಿಯರು ಬಿಟ್ಟುಹೋದ ಈ ಸೂಚನೆಯನ್ನು ಎತ್ತಿಕೊಂಡು ಶುಲ್ಟ್ಜ್ 1960ರ ಡಿಸೆಂಬರಿನಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಪೀಠದಿಂದ, ವಿದ್ಯೆಗೂ ಆರೋಗ್ಯಕ್ಕೂ ಕುಶಲತೆಗೂ ಮಾಡುವ ವ್ಯಯ ವ್ಯಯವೇ ಅಲ್ಲ, ಮಾನವನಲ್ಲಿ ಹೂಡುವ ಬಂಡವಾಳ ಎಂದು ಸಾರಿದನು. ಮನುಷ್ಯನನ್ನು ಬಂಡವಾಳವೆನ್ನುವುದು ಅವನನ್ನು ಗುಲಾಮಗಿರಿಯ ಸಂತೆಗೆ ಒಯ್ದಂತೆ ಎಂದು ಅಸಹ್ಯಪಟ್ಟವರುಂಟು. ಆ ಅಸಹ್ಯ ನನಗೂ ಸ್ವಲ್ಪಮಟ್ಟಿಗೆ ಇದೆ, ಪದವು ಸುಂದರವಾದುದಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಗೌರವದ ಸ್ಥಾನ ಬಂಡವಾಳವೆಂಬ ಕಲಮಿಗೆ ಮಾತ್ರ ಇರುವಾಗ, ವಿದ್ಯೆಯನ್ನು ಆ ಕಲಮಿನಿಂದ ಹೊರಗಿಟ್ಟು ಹೊಗಳುವುದರಿಂದ ಅದಕ್ಕೆ ಆಗುವ ಲಾಭವೇನು?

ವಿದ್ಯೆಯ ಧನಕ್ಕೆ ಒಂದು ವಿಚಿತ್ರ ಗುಣವಿದೆ. ಕೊಟ್ಟರೆ ಕಡಮೆಯಾಗದು ಎಂಬ ಮಾತನ್ನು ಶಾಲೆಯಲ್ಲಿ ಸುಭಾಷಿತ ಉರುಹಚ್ಚಿದವರೆಲ್ಲ ಬಲ್ಲರು. ಪಾಲ್ ರೋಮರ್ ಎಂಬವನು ಆ ಗುಣವನ್ನೇ ಗಣಿತಕ್ಕೆ ಅಳವಡಿಸಿ 1990ರಲ್ಲಿ ಬೆಳವಣಿಗೆಯ ಸಿದ್ಧಾಂತವೊಂದನ್ನು ಕಟ್ಟಿ, 2018ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಒಂದು ಸಿಂಪಡಿಸುವ ಪಂಪನ್ನು ಒಂದೇ ಹೊತ್ತಿಗೆ ಎರಡು ತೋಟಗಳಲ್ಲಿ ಬಳಸಲಾಗದು. ದ್ರಾವಣ ಮಾಡುವ ವಿಧಾನವನ್ನು ಒಂದೇ ಹೊತ್ತಿಗೆ ಹತ್ತು ಸಾವಿರ ತೋಟಗಳಲ್ಲಿ ಬಳಸಬಹುದು. ಭೂಮಿಗೂ ಯಂತ್ರಕ್ಕೂ ಹೆಚ್ಚು ಹೆಚ್ಚು ಹೂಡಿದಂತೆ ಪ್ರತಿಫಲ ಇಳಿಯುತ್ತ ಬರುವುದೆಂಬ ಹಳೆಯ ನಿಯಮಕ್ಕೆ ವಿದ್ಯೆ ಒಳಪಡದಿರುವುದರಿಂದಲೇ, ಆಧುನಿಕ ಕಾಲದ ಬೆಳವಣಿಗೆ ಒಂದೆರಡು ತಲೆಮಾರು ಏರಿ ನಿಂತುಹೋಗದೆ ಎರಡು ಶತಮಾನ ಎಡೆಬಿಡದೆ ಸಾಗಿಬಂದದ್ದು. ಸುಭಾಷಿತಕಾರ ಇಷ್ಟಕ್ಕೆ ಸಂತೋಷಪಟ್ಟು ಸುಮ್ಮನಾದನು. ಅರ್ಥಶಾಸ್ತ್ರಜ್ಞನ ಚಿಂತೆ ಇಲ್ಲಿಂದ ಮೊದಲಾಗುತ್ತದೆ. ಬೇಲಿ ಹಾಕಲಾಗದ ಸೊತ್ತನ್ನು ಮಾರುವುದು ಹೇಗೆ? ಮಾರಲಾಗದ್ದನ್ನು ಕಷ್ಟಪಟ್ಟು ಉತ್ಪಾದಿಸುವವರು ಯಾರು? ಕೋಲ್ಮನ್ನರ ಸಂಬಳವನ್ನು ತಾನೊಬ್ಬನೇ ಕೊಟ್ಟು ಔಷಧಿಯನ್ನು ಕಂಡುಹಿಡಿಸುವೆನೆಂದು ಯಾವ ತೋಟದ ಹೆಗಡೆಯೂ ಮುಂದೆ ಬರುತ್ತಿರಲಿಲ್ಲ, ಏಕೆಂದರೆ ಮರುವರ್ಷವೇ ಪಕ್ಕದ ತೋಟದ ಭಟ್ಟರು ಬಿಡಿಕಾಸಿಲ್ಲದೆ ಅದನ್ನೇ ಕಲಿತು ಸಿಂಪಡಿಸುತ್ತಿದ್ದರು. ಕೆಲವು ಬಗೆಯ ವಿದ್ಯೆಗೆ ಪೇಟೆಂಟಿನ ಬೇಲಿಯನ್ನು ಸ್ವಲ್ಪ ಕಾಲ ಹಾಕಬಹುದು. ಅದರ ಬಲದಿಂದ ಔಷಧಗಳೂ ಯಂತ್ರಗಳೂ ಹೊರಬಂದಿರುವುದುಂಟು. ಮೂಲವಿಜ್ಞಾನಕ್ಕೂ, ರೈತನ ಕೈಗೆ ತಲುಪಬೇಕಾದ ತಿಳಿವಿಗೂ, ಅಕ್ಷರಾಭ್ಯಾಸಕ್ಕೂ ಆ ಬೇಲಿ ಒಗ್ಗದು. ಅಲ್ಲೆಲ್ಲ ಸರ್ಕಾರವೋ ಧರ್ಮಬುದ್ಧಿಯ ದಾನಿಯೋ ಕೈಯಿಕ್ಕಲೇಬೇಕು. ಮೈಸೂರಿನ ಖಜಾನೆ ಕೋಲ್ಮನ್ನರಿಗೆ ಕೊಟ್ಟ ಸಂಬಳಕ್ಕಿಂತ ಹೆಚ್ಚಿನ ಬಡ್ಡಿ ತಂದ ಹೂಡಿಕೆ ಆ ಕಾಲದಲ್ಲಿ ಎಷ್ಟಿದ್ದುವೋ ಸಂದೇಹ.

ವಿದ್ಯೆ ಹೀಗೆ ಎಲ್ಲರಿಗೂ ತೆರೆದ ಸೊತ್ತಾದರೆ ಎಲ್ಲ ದೇಶಗಳೂ ಏಕೆ ಸಮವಾಗಿ ಸಿರಿವಂತವಾಗಲಿಲ್ಲವೆಂದು ಯಾರಾದರೂ ಕೇಳಬಹುದು. ಇದಕ್ಕೆ ಹತ್ತಿಗಿರಣಿಯ ಕಥೆಯಷ್ಟು ತಿಳಿಯಾದ ಉತ್ತರ ಬೇರೊಂದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೂಲಿನ ಯಂತ್ರಗಳು ಇಂಗ್ಲೆಂಡಿನ ಲ್ಯಾಂಕಷೈರಿನಿಂದ ಎಲ್ಲ ದೇಶಗಳಿಗೂ ಹೋಗುತ್ತಿದ್ದುವು. ಮುಂಬಯಿಯ ಗಿರಣಿಯಲ್ಲಿದ್ದ ಯಂತ್ರವೂ ಮ್ಯಾಂಚೆಸ್ಟರಿನದೂ ಒಂದೇ ಬಗೆಯವು. ಆದರೂ ಗ್ರೆಗರಿ ಕ್ಲಾರ್ಕ್ ಎಂಬ ಇತಿಹಾಸಕಾರ ಲೆಕ್ಕಹಾಕಿ ತೋರಿಸಿರುವಂತೆ, 1910ರ ಸುಮಾರಿನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದ ಒಬ್ಬ ಗಿರಣಿ ಕೆಲಸಗಾರ ಮಾಡುತ್ತಿದ್ದ ಕೆಲಸಕ್ಕೆ ಭಾರತದಲ್ಲಿ ಹೆಚ್ಚುಕಡಮೆ ಆರು ಜನ ಬೇಕಾಗುತ್ತಿದ್ದರು. ಯಂತ್ರ ಹಡಗನ್ನೇರಿ ಬಂದಿತ್ತು; ಅದರ ಸುತ್ತ ಇರಬೇಕಾದ ವ್ಯವಸ್ಥೆ, ಶಿಸ್ತು, ಮೇಲ್ವಿಚಾರಣೆಯ ಕೌಶಲ ಇವು ಬಂದಿರಲಿಲ್ಲ. ಸ್ವಾರಸ್ಯವಾದದ್ದು ಇದರ ಮುಂದಿನ ಭಾಗ. ಅದೇ 1910ರಲ್ಲಿ ಜಪಾನಿನ ಕೆಲಸಗಾರನ ಸ್ಥಿತಿಯೂ ಭಾರತೀಯನ ಸ್ಥಿತಿಗಿಂತ ಮೇಲಾಗಿರಲಿಲ್ಲ. ಜಪಾನಿನಲ್ಲಿ ಹತ್ತಿಯೂ ಇರಲಿಲ್ಲ. 1893ರಲ್ಲಿ ಟಾಟಾ ಸಂಸ್ಥೆ ಮತ್ತು ಜಪಾನಿನ ಹಡಗು ಸಂಸ್ಥೆಯೊಂದು ಸೇರಿ ಮುಂಬಯಿಯಿಂದ ಕೋಬೆಗೆ ಹಡಗಿನ ಮಾರ್ಗವನ್ನು ತೆರೆದ ಮೇಲೆ ನಮ್ಮ ಹತ್ತಿಯೇ ಅಲ್ಲಿಗೆ ಹೋಗುತ್ತಿತ್ತು. ಹಾಗೆ ಹೋದ ಹತ್ತಿ ಬಟ್ಟೆಯಾಗಿ ಅದೇ ದಾರಿಯಲ್ಲಿ ಹಿಂದಿರುಗಿ ಬಂದು ಮುಂಬಯಿಯ ಗಿರಣಿಗಳನ್ನು ಎಷ್ಟು ಕಂಗೆಡಿಸಿತೆಂದರೆ, 1933ರಲ್ಲಿ ಭಾರತ ಸರ್ಕಾರ ಜಪಾನಿನ ಬಟ್ಟೆಯ ಮೇಲೆ ನೂರಕ್ಕೆ ಎಪ್ಪತ್ತೈದರಷ್ಟು ಸುಂಕವನ್ನು ಹೇರಬೇಕಾಯಿತು. ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಇಂಥ ಅಂತರ ಬಂದದ್ದಕ್ಕೆ ಕಾರಣಗಳು ಹಲವು; ಆಡಳಿತದ ಜಾಣ್ಮೆ, ಹತ್ತಿಗಳನ್ನು ಬೆರೆಸುವ ಕಲೆ, ಗಿರಣಿಯ ಹೆಣ್ಣುಮಕ್ಕಳನ್ನು ನಿರ್ದಯವಾಗಿ ದುಡಿಸಿಕೊಂಡ ಕಟುಸತ್ಯ, ಇವುಗಳ ಮೇಲೆಲ್ಲ ಇತಿಹಾಸಕಾರರಲ್ಲಿ ವಿವಾದವಿದೆ. ಆದರೆ 1872ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವನ್ನು ಹೊರಡಿಸಿದ ಆ ದೇಶದಲ್ಲಿ, 1905ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಶಾಲೆಯ ಪಟ್ಟಿಯಲ್ಲಿದ್ದರೆಂಬುದನ್ನು ಆ ವಿವಾದದಿಂದ ಹೊರಗಿಟ್ಟು ಮಾತನಾಡಲಾಗದು.

ಈ ರಹಸ್ಯವನ್ನು ಕಣ್ಣಾರೆ ಕಂಡುಬಂದ ಕನ್ನಡಿಗರೊಬ್ಬರಿದ್ದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ, ಇನ್ನೂ ಮುಂಬಯಿ ಪ್ರಾಂತದ ಎಂಜಿನಿಯರಾಗಿದ್ದಾಗಲೇ, ಜಪಾನಿಗೆ ಹೋಗಿಬಂದರು. ಆ ದೇಶದ ಏಳಿಗೆಗೂ ಅದರ ಶಾಲೆಗಳಿಗೂ ಇರುವ ಕಾರ್ಯಕಾರಣ ಸಂಬಂಧವು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಅಚ್ಚೊತ್ತಿ ನಿಂತಿತು. ಅವರು ಮೈಸೂರಿಗೆ ಬಂದ ಮೇಲೆ 1911ರಲ್ಲಿ ಸ್ಥಾಪಿತವಾದ ಮೈಸೂರು ಸಂಪದಭ್ಯುದಯ ಸಮಾಜವು ಕೃಷಿಗೊಂದು, ಕೈಗಾರಿಕೆ ವಾಣಿಜ್ಯಗಳಿಗೊಂದು, ಶಿಕ್ಷಣಕ್ಕೊಂದು ಹೀಗೆ ಮೂರು ಸಮಿತಿಗಳನ್ನು ಮಾಡಿಕೊಂಡಿತು. ಸಂಪತ್ತನ್ನು ಬೆಳೆಸುವುದಕ್ಕೆಂದು ಹುಟ್ಟಿದ ಸಭೆಯಲ್ಲಿ ಶಿಕ್ಷಣಕ್ಕೆ ಸಮಾನ ಪಂಕ್ತಿಯ ಮಣೆ ದೊರೆತದ್ದು ಶುಲ್ಟ್ಜನ ಭಾಷಣಕ್ಕೆ ಅರ್ಧ ಶತಮಾನ ಮುಂಚೆ ಎಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. 1913ರಲ್ಲಿ ಹೆಬ್ಬಾಳದ ಕೃಷಿಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಅದೇ ಸಮಾಜದ ಚರ್ಚೆಗಳ ಫಲವಾಗಿಯೇ 1915ರಲ್ಲಿ ನಮ್ಮ ಸಾಹಿತ್ಯ ಪರಿಷತ್ತು ಕೂಡ ಹುಟ್ಟಿತು.

ಆ ಕಾಲದ ಪ್ರಯತ್ನಗಳಲ್ಲಿ ಒಂದನ್ನು ಸ್ವಲ್ಪ ನಿಂತು ನೋಡಬೇಕು. ಗಂಧದ ಮರ ಮೈಸೂರಿನಲ್ಲಿ ಟೀಪುವಿನ ಕಾಲದಿಂದ ರಾಜವೃಕ್ಷ. ಸರ್ಕಾರ ವರ್ಷವರ್ಷವೂ ಗಂಧದ ಕೊರಡನ್ನು ಹರಾಜು ಹಾಕುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ, ಹಲವು ಪಟ್ಟು ಬೆಲೆಗೆ ಲೋಕದ ಮಾರುಕಟ್ಟೆಯನ್ನು ಸೇರುತ್ತಿತ್ತು. ಮರ ನಮ್ಮದು, ಕಾಡು ನಮ್ಮದು, ಕಡಿದು ಕೆತ್ತುವ ಶ್ರಮ ನಮ್ಮದು. ಎಣ್ಣೆಯನ್ನು ಅದರ ಗುಣಕೆಡದಂತೆ ಬೇರ್ಪಡಿಸುವ ರಸಾಯನವಿದ್ಯೆ ಮಾತ್ರ ಅವರದು. ಲಾಭ ಎತ್ತ ಹರಿಯಿತೆಂಬುದನ್ನು ಹೇಳಬೇಕಾಗಿಲ್ಲ. 1914ರಲ್ಲಿ ಯುದ್ಧ ಹೊತ್ತಿಕೊಂಡಿತು. ಜರ್ಮನಿಯ ಬಾಗಿಲು ಮುಚ್ಚಿತು. ಗಂಧದ ಕೊರಡು ಕೊಳ್ಳುವವರಿಲ್ಲದೆ ಸರ್ಕಾರದ ಕೋಠಿಗಳಲ್ಲಿ ಬಿದ್ದಿತು. ಆಗ ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ನರು, ಜಮ್‌ಷೆಟ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಅರಮನೆ ಕೊಟ್ಟ ಭೂಮಿಯಿಂದಲೂ 1909ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರಿನ ವಿಜ್ಞಾನ ಮಂದಿರದ ಕಡೆಗೆ ತಿರುಗಿದರು. ಅಲ್ಲಿದ್ದ ಸಡ್‌ಬರೊ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಕ್ರಮವನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆ ನಡೆಯತೊಡಗಿತು. ಅಷ್ಟರಲ್ಲಿಯೇ ನಿಲ್ಲದೆ, ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನಜ್ಞರನ್ನು ಸಾಬೂನಿನ ತಯಾರಿಕೆಯನ್ನು ಕಲಿತುಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ಬಂದು ನಡೆಸಿದ ಪ್ರಯೋಗಗಳ ಫಲವೇ ಇಂದಿಗೂ ನಮ್ಮ ಬಚ್ಚಲುಗಳಲ್ಲಿರುವ ಮೈಸೂರು ಸ್ಯಾಂಡಲ್ ಸಾಬೂನು. ಇಲ್ಲಿ ಗಮನಿಸಬೇಕಾದದ್ದು ಕಾಲದ ಕ್ರಮ. ಯುದ್ಧ ಬಂದ ಮೇಲೆ ವಿಜ್ಞಾನ ಮಂದಿರವನ್ನು ಕಟ್ಟಲು ಹೊರಟಿದ್ದರೆ, ಗೋಡೆ ಏಳುವಷ್ಟರಲ್ಲಿ ಯುದ್ಧ ಮುಗಿದು ಗಂಧದ ಕೊರಡು ಪುನಃ ಹ್ಯಾಂಬರ್ಗಿಗೆ ಹೋಗುತ್ತಿತ್ತು. ಏನು ಪ್ರಯೋಜನವೆಂದು ಯಾರೂ ಖಚಿತವಾಗಿ ಹೇಳಲಾಗದ ಕಾಲದಲ್ಲಿ ಅದನ್ನು ಕಟ್ಟಿಟ್ಟಿದ್ದರಿಂದಲೇ ಪ್ರಯೋಜನ ಬೇಕಾದ ಗಳಿಗೆಯಲ್ಲಿ ಅದು ಒದಗಿತು.

ಬೆಂಗಳೂರಿನ ಈಚಿನ ವೈಭವಕ್ಕೂ ಇದೇ ಬಗೆಯ ಪೂರ್ವಸಂಚಯವಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಈ ಊರಿಗೆ ಬಂದದ್ದಕ್ಕೆ ತಂಪಾದ ಹವೆಯೇ ಕಾರಣವೆಂದು ಹೇಳುವವರು, 1940ರ ವಿಮಾನ ಕಾರ್ಖಾನೆಯನ್ನೂ, 1948ರ ಟೆಲಿಫೋನ್ ಕಾರ್ಖಾನೆಯನ್ನೂ, 1953ರ ಎಚ್‌ಎಂಟಿಯನ್ನೂ, 1954ರ ಬಿಇಎಲನ್ನೂ, ಅವುಗಳಿಗೆ ಜನರನ್ನು ಒದಗಿಸುತ್ತಿದ್ದ ಕಾಲೇಜುಗಳನ್ನೂ ಮರೆಯುತ್ತಾರೆ. ತಂಪಾದ ಹವೆ ಉದಕಮಂಡಲದಲ್ಲಿಯೂ ಇದೆ.

ಹಾಗಾದರೆ ಮೈಸೂರು ಜಪಾನಾಗಲಿಲ್ಲವೇಕೆ? ಗೋಪಾಲಕೃಷ್ಣ ಗೋಖಲೆಯವರು ಸಾಮ್ರಾಜ್ಯದ ಶಾಸನಸಭೆಯಲ್ಲಿ 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣದ ಮಸೂದೆ ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಬ್ರಿಟಿಷ್ ಇಂಡಿಯಾ ತಿರಸ್ಕರಿಸಿದ ಆ ತತ್ತ್ವವನ್ನು ಮೈಸೂರು 1913ರಲ್ಲಿ ಶಾಸನವಾಗಿ ಅಂಗೀಕರಿಸಿತು. ಇದು ಹೆಮ್ಮೆಪಡತಕ್ಕ ಸಂಗತಿಯೇ. ಆದರೆ ಆ ಕಡ್ಡಾಯ ಅನ್ವಯವಾದದ್ದು ಆಯ್ದ ಕೆಲವು ಕೇಂದ್ರಗಳಲ್ಲಿ, ಅದೂ ಗಂಡುಹುಡುಗರಿಗೆ. ಬರೋಡೆಯ ಸಯಾಜಿರಾವ್ ಮಹಾರಾಜರು ಇಡೀ ಸಂಸ್ಥಾನಕ್ಕೇ ಕಡ್ಡಾಯ ಶಿಕ್ಷಣವನ್ನು 1906ರಲ್ಲಿ ತಂದಿದ್ದರು. ಇನ್ನೊಂದು ಮಾತು: ಸಂಸ್ಥಾನದ ಉನ್ನತ ವಿದ್ಯೆಯೂ ಅಧಿಕಾರವೂ ಒಂದೇ ಜಾತಿಯವರ ಕೈಯಲ್ಲಿ ಶೇಖರವಾಗಿದ್ದುವು. ಇತರ ವರ್ಗಗಳಿಗೂ ಅವು ದೊರೆಯಬೇಕೆಂದು ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದಾಗ, ಕಾರ್ಯದಕ್ಷತೆಗೆ ಹಾನಿಯಾಗುವುದೆಂಬ ಭಯದಿಂದ ವಿಶ್ವೇಶ್ವರಯ್ಯನವರು ಅದನ್ನೊಪ್ಪದೆ ದಿವಾನಗಿರಿಯನ್ನು ಬಿಟ್ಟರು. ಅಷ್ಟು ದೂರ ನೋಡಬಲ್ಲವರಾಗಿದ್ದ ಅವರ ದೃಷ್ಟಿ ಈ ಒಂದು ಎಡೆಯಲ್ಲಿ ಮೊಟಕಾಯಿತೆಂದೇ ನನ್ನ ಅಭಿಪ್ರಾಯ. ದೇಶದ ಬುದ್ಧಿಶಕ್ತಿಯ ಬಹುಭಾಗವನ್ನು ಪಾಳುಬಿಟ್ಟುಕೊಂಡು ಉಳಿದ ಚಿಕ್ಕ ಭಾಗದ ದಕ್ಷತೆಯನ್ನು ಕಾಯುವುದು, ಕೆರೆಯಂಗಳವನ್ನೆಲ್ಲ ಬೀಳುಬಿಟ್ಟು ತೂಬಿನ ಬಾಯಿಯ ನಾಲ್ಕು ಮಡಿಗೆ ನೀರುಣಿಸಿದಂತೆ. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ನಡೆದ ಜನಗಣತಿಯಲ್ಲಿ ಅಕ್ಷರ ಬಲ್ಲ ಭಾರತೀಯರು ನೂರಕ್ಕೆ ಹದಿನೆಂಟು. ಜಪಾನು ಆ ಅಂಕೆಯನ್ನು ಹಿಂದೆ ಹಾಕಿ ಎಷ್ಟೋ ತಲೆಮಾರು ಕಳೆದಿದ್ದುವು.

ಇಷ್ಟು ಹೇಳಿ ಶಾಲೆಯೊಂದರಿಂದಲೇ ಸರ್ವಸಿದ್ಧಿಯೆಂದು ಸಾರಿಬಿಡುವುದು ಸುಲಭ, ಅದು ಸತ್ಯವಲ್ಲ. ಕೇರಳ ನಮಗಿಂತ ಬಹು ಮುಂಚೆ ಅಕ್ಷರಸ್ಥವಾಯಿತು. ಆದರೆ ಕಲಿತವರಿಗೆ ತಕ್ಕ ಉದ್ಯೋಗ ನೆರೆಯಲ್ಲಿ ಹುಟ್ಟದೆ, ಅದರ ಮಕ್ಕಳು ಅರಬ್ಬರ ನಾಡಿಗೆ ಹೋಗಿ ದುಡಿಯಬೇಕಾಯಿತು. ಲ್ಯಾಂಟ್ ಪ್ರಿಚೆಟ್ ಎಂಬ ಅರ್ಥಶಾಸ್ತ್ರಜ್ಞ ಹಲವು ದೇಶಗಳ ಲೆಕ್ಕ ತೆಗೆದು, ಶಾಲೆಯ ವರ್ಷಗಳು ಹೆಚ್ಚಿದ ಎಷ್ಟೋ ಕಡೆ ಉತ್ಪನ್ನ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲವೆಂದು 2001ರಲ್ಲಿ ತೋರಿಸಿದನು. ವಿದ್ಯೆಯುಳ್ಳವನಿಗೆ ವಿದ್ಯೆಯನ್ನು ಹೂಡುವ ಕ್ಷೇತ್ರ ಬೇಕು, ನ್ಯಾಯವಾದ ಆಡಳಿತ ಬೇಕು. ಇವಿಲ್ಲದ ಕಡೆ ಬುದ್ಧಿವಂತನು ಉತ್ಪಾದನೆಗೆ ಬದಲಾಗಿ ಲಂಚದ ಜಾಣತನಕ್ಕೆ ತಿರುಗುತ್ತಾನೆ. ಇದಕ್ಕಿಂತ ಮುಖ್ಯವಾದದ್ದು, ಶಾಲೆಯಲ್ಲಿ ಕುಳಿತದ್ದೂ ಕಲಿತದ್ದೂ ಒಂದೇ ಅಲ್ಲವೆಂಬುದು. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಹಳ್ಳಿಗೂ ಹೋಗಿ, ಮಕ್ಕಳನ್ನು ಮನೆಯಲ್ಲಿಯೇ ಕೂರಿಸಿಕೊಂಡು, ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಪಾಠವನ್ನು ಓದಿಸಿ ನೋಡುತ್ತಿದ್ದಾರೆ. ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದನ್ನು ಸರಾಗವಾಗಿ ಓದಲಾಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಬಿಸಿಯೂಟವಾಗಿದೆ, ಸಮವಸ್ತ್ರ ಬಂದಿದೆ, ಐದು ವರ್ಷ ಕಳೆದಿದೆ. ಮಾನವ ಬಂಡವಾಳವೆಂದು ನಾವು ಕರೆಯುವ ವಸ್ತು ಅಲ್ಲಿ ಅರ್ಧಕ್ಕರ್ಧ ಹುಟ್ಟಿಯೇ ಇಲ್ಲ.

ಏಕೆ ಹೀಗೆಂದರೆ ಉತ್ತರಗಳು ನೂರಿವೆ. ನನಗೆ ಕಾಣುವ ಒಂದು ಉತ್ತರ ಲೆಕ್ಕದ ಪುಸ್ತಕದಲ್ಲಿಯೇ ಅಡಗಿದೆ. ಶುಲ್ಟ್ಜ್ ಆ ಭಾಷಣ ಮಾಡಿ ಅರುವತ್ತು ವರ್ಷ ಮೀರಿತು. ಸಂಶೋಧನೆಗೆ ಮಾಡುವ ವೆಚ್ಚವನ್ನು ಬಂಡವಾಳವೆಂದು ಗಣಿಸಲು ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿ ತನ್ನ 2008ರ ಪರಿಷ್ಕರಣದಲ್ಲಿ ಒಪ್ಪಿತು. ಶಿಕ್ಷಣಕ್ಕೆ ಆ ಭಾಗ್ಯ ಇನ್ನೂ ಒದಗಿಲ್ಲ. ನಮ್ಮ ಆಯವ್ಯಯದಲ್ಲಿಯೂ ಹಾಗೆಯೇ: ಶಾಲೆಯ ಗೋಡೆಗೆ ಸುರಿದ ಸಿಮೆಂಟು ಬಂಡವಾಳ ವೆಚ್ಚ, ಆ ಗೋಡೆಯೊಳಗೆ ನಿಂತು ಅಕ್ಷರ ಕಲಿಸುವ ಮೇಷ್ಟರ ಸಂಬಳ ರಾಜಸ್ವ ವೆಚ್ಚ, ಎಂದರೆ ಉಂಡು ತೀರಿಸಿದ ಖರ್ಚು. ರಾಜಸ್ವದ ಕೊರತೆಯನ್ನು ಇಲ್ಲವಾಗಿಸಬೇಕೆಂದು ವಿತ್ತೀಯ ಹೊಣೆಗಾರಿಕೆಯ ಶಾಸನವನ್ನು 2002ರಲ್ಲಿ, ದೇಶದ ಇತರ ರಾಜ್ಯಗಳಿಗಿಂತ ಮುಂಚೆ, ಮಾಡಿಕೊಂಡದ್ದು ನಮ್ಮ ಕರ್ನಾಟಕವೇ. ಸಾಲದ ಹೊರೆಯನ್ನು ಹತೋಟಿಯಲ್ಲಿಡುವ ಆ ಉದ್ದೇಶ ಒಳ್ಳೆಯದು. ಅದರ ನೆರಳಿನಲ್ಲಿ ನಡೆಯುವುದು ಮಾತ್ರ ವಿಚಾರ ಮಾಡಬೇಕಾದದ್ದು. ನಿವೃತ್ತರಾದ ಶಿಕ್ಷಕರ ಹುದ್ದೆಯನ್ನು ತುಂಬದೆ, ತಿಂಗಳ ಗೌರವಧನದ ಮೇಲೆ ಅತಿಥಿ ಶಿಕ್ಷಕರೊಬ್ಬರನ್ನು ಕರೆಯಿಸಿಕೊಂಡು ವರ್ಷ ತಳ್ಳಿದರೆ, ಲೆಕ್ಕದಲ್ಲಿ ಅದು ಉಳಿತಾಯ. ಯಾರೂ ಹೋಗದ ಕಡೆಗೆ ಒಂದು ಮೇಲ್ಸೇತುವೆ ಕಟ್ಟಿದರೆ ಅದು ಆಸ್ತಿ. ಕೊಠಾರಿ ಆಯೋಗ 1966ರಲ್ಲಿ ರಾಷ್ಟ್ರದ ವರಮಾನದ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಸಲ್ಲಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಆರನ್ನು ಪುನಃ ಬರೆದುಕೊಂಡಿತು. ನಡುವಣ ಐವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಆ ಅಂಕೆಯನ್ನು ಮುಟ್ಟಲಿಲ್ಲ. ಲೆಕ್ಕಪದ್ಧತಿ ಬದಲಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಹಣಕಾಸಿನ ಮಂತ್ರಿಗಳು ಪ್ರತಿವರ್ಷ ಶಾಸನಸಭೆಯ ಮುಂದಿಡುವ ಪತ್ರಗಳ ಕಟ್ಟಿಗೆ ಇನ್ನೊಂದು ಹಾಳೆಯನ್ನು ಸೇರಿಸಬಹುದು: ಯಾವ ತಾಲ್ಲೂಕಿನಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿಯಿದೆ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ ಎಷ್ಟು, ಕಳೆದ ವರ್ಷ ಎಷ್ಟಿತ್ತು. ಅಳೆಯುವ ಕ್ರಮ ಸಿದ್ಧವಾಗಿಯೇ ಇದೆ. ಮಗುವೊಂದಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ.